ಮಾಣಿಯ ತಲೆಯಲ್ಲಿ ಎಷ್ಟು ಮೇಜು?

ಎರಡು ಮಸಾಲೆ, ಒಂದು ಖಾಲಿ, ಒಂದು ಇಡ್ಲಿ-ವಡೆ ಸಾಂಬಾರಿನಲ್ಲಿ ಮುಳುಗಿಸಿ, ಇನ್ನೊಂದಕ್ಕೆ ಸಾಂಬಾರು ಬೇರೆ, ಮೂರು ಕಾಫಿ, ಅದರಲ್ಲೊಂದಕ್ಕೆ ಸಕ್ಕರೆ ಕಡಿಮೆ. ಸಯನ್, ಮಾಟುಂಗಾ, ವಡಾಲಾ ಸುತ್ತಿನ ಹಳೆಯ ಉಡುಪಿ ಹೋಟೆಲುಗಳಲ್ಲಿ ಇಂಥ ಪಟ್ಟಿಯನ್ನು ಮಾಣಿ ಚೀಟಿಯಲ್ಲಿ ಬರೆದುಕೊಳ್ಳುತ್ತಿರಲಿಲ್ಲ. ಒಂದೇ ಕೈಯಲ್ಲಿ ನಾಲ್ಕು ನೀರಿನ ಲೋಟ, ಬೆರಳುಗಳೆಲ್ಲ ಲೋಟದೊಳಗೆ (ಆ ಕಾಲದ ಗಿರಾಕಿಗಳು ಅದನ್ನು ದೊಡ್ಡದು ಮಾಡುತ್ತಿರಲಿಲ್ಲ), ಕಿವಿ ಮಾತ್ರ ಮೇಜಿನ ಕಡೆ. ಪಕ್ಕದ ಮೇಜಿನವರು ಚಟ್ನಿ ಕೇಳುತ್ತಿದ್ದರು, ಗಲ್ಲಾದಿಂದ ಧಣಿಗಳು ಕೂಗುತ್ತಿದ್ದರು. ಆದರೂ ತಿಂಡಿ ಸರಿಯಾದ ತಟ್ಟೆಗೇ ಬಂದು ಬೀಳುತ್ತಿತ್ತು.

ಮುಂಬಯಿಯ ಈ ಭಾಗಕ್ಕೆ ಉಡುಪಿ ಹೋಟೆಲು ಬಂದದ್ದರ ಹಿಂದೆ ಒಂದು ಪ್ಲೇಗ್ ಇದೆ. 1896ರಲ್ಲಿ ಆ ಮಾರಿ ಊರನ್ನು ನಡುಗಿಸಿತು. ಎರಡು ವರ್ಷದಲ್ಲಿ ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿತು. ಇಕ್ಕಟ್ಟಿನ ಹಳೆಯ ಊರಿನಿಂದ ಜನರನ್ನು ಉತ್ತರಕ್ಕೆ ಸರಿಸಲು ದಾದರ್, ಮಾಟುಂಗಾ, ಸಯನ್ ಕಡೆ ಅಗಲ ರಸ್ತೆಯ ಬಡಾವಣೆಗಳು ಎದ್ದವು. ಅಲ್ಲಿ ನೆಲೆನಿಂತವರಲ್ಲಿ ದಕ್ಷಿಣದ ಗುಮಾಸ್ತರು, ಟೈಪಿಸ್ಟರು ಬಹಳ. ಅವರಿಗೆ ಬೆಳಗಿನ ಇಡ್ಲಿ, ಮಧ್ಯಾಹ್ನದ ಸಾರು-ಅನ್ನ ಬೇಕಿತ್ತು. ಬಡಿಸಲು ದಕ್ಷಿಣ ಕನ್ನಡದಿಂದ ಹುಡುಗರು ಬಂದಿಳಿದರು. 1936ರಲ್ಲಿ ಕೆಫೆ ಮೈಸೂರು, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಾಟುಂಗಾದಲ್ಲಿ ಬಾಗಿಲು ತೆರೆದವು. ರಾಮ ನಾಯಕರೂ ಹುಡುಗನಾಗಿದ್ದಾಗಲೇ ಊರು ಬಿಟ್ಟು ಅಡುಗೆಮನೆಯ ಕೆಲಸದಿಂದ ಮೇಲೆ ಬಂದವರು. ದಕ್ಷಿಣ ಕನ್ನಡದ ಬ್ರಾಹ್ಮಣರ ಬಿ.ಎಸ್.ಕೆ.ಬಿ. ಅಸೋಸಿಯೇಷನ್ ಹುಟ್ಟಿದ್ದು 1925ರಲ್ಲಿ. ಅದರ ಕಟ್ಟಡ ‘ಗೋಕುಲ’ ಇರುವುದು ಸಯನ್‌ನಲ್ಲೇ.

ಹೋಟೆಲುಗಳು ಹೀಗೆ ತುಂಬಿ ನಡೆಯುತ್ತಿದ್ದ ಕಾಲದಲ್ಲೇ ಅಮೆರಿಕದ ಮನೋವಿಜ್ಞಾನಿಗಳು ಮನುಷ್ಯನ ತಲೆಯ ಮಿತಿ ಅಳೆಯಲು ಹೊರಟಿದ್ದರು. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನ ಹೇಳಿದ್ದು ಇಷ್ಟು: ಒಮ್ಮೆಗೆ ಮನಸ್ಸಿನಲ್ಲಿ ಹಿಡಿದುಕೊಳ್ಳಲು ಆಗುವುದು ಸುಮಾರು ಏಳು ಸಂಗತಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ. 2001ರಲ್ಲಿ ನೆಲ್ಸನ್ ಕೋವನ್ ಅದನ್ನೂ ನಾಲ್ಕರ ಆಸುಪಾಸಿಗೆ ಇಳಿಸಿದರು. ನಡುವೆ 1959ರಲ್ಲಿ ಪೀಟರ್ಸನ್ ದಂಪತಿ ಮೂರೇ ಮೂರು ಅಕ್ಷರ ಕೊಟ್ಟು, ತಕ್ಷಣ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಸಲ ಅಕ್ಷರ ಮರೆತೇಹೋಗಿತ್ತು. ಮೇಜಿನಿಂದ ಅಡುಗೆಮನೆಯ ಬಾಗಿಲಿಗೆ ನಡೆಯಲು, ದಾರಿಯಲ್ಲಿ ಒಬ್ಬರಿಗೆ ನೀರು ಇಡಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.

ಈ ಲೆಕ್ಕದಲ್ಲಿ ಮಾಣಿ ದಿನಕ್ಕೆ ನೂರು ಸಲ ಎಡವಬೇಕಿತ್ತು. ಎಡವದಂತೆ ಅವನನ್ನು ಕಾದದ್ದು ಕಸುಬಿನ ಕ್ರಮ. ಅಡುಗೆಮನೆಯಲ್ಲಿ ದೋಸೆಯ ಕಾವಲಿ ಒಂದು ಕಡೆ, ಇಡ್ಲಿಯ ಅಟ್ಟ ಒಂದು ಕಡೆ, ಕಾಫಿ-ಚಹಾ ಇನ್ನೊಂದು ಕಡೆ. ಗಿರಾಕಿಗಳು ಹೇಳಿದ ಅಡ್ಡಾದಿಡ್ಡಿ ಪಟ್ಟಿಯನ್ನು ಮಾಣಿ ಆ ಮೂರು ಜಾಗಕ್ಕೆ ಹಂಚಿಕೊಂಡರೆ ಏಳೆಂಟು ಸಂಗತಿ ಮೂರಾಗುತ್ತಿತ್ತು. ಆಮೇಲೆ ರಾಗವಾಗಿ ಒಂದು ಕೂಗು: “ಎರಡು ಮಸಾಲೆ, ಒಂದು ಖಾಲೀ...” ಕೂಗಿದೊಡನೆ ಅರ್ಧ ಹೊರೆ ಕಾವಲಿಯ ಭಟ್ಟರ ತಲೆಗೆ. 1974ರಲ್ಲಿ ಅಲನ್ ಬ್ಯಾಡ್ಲೀ ಮತ್ತು ಗ್ರಹಾಂ ಹಿಚ್ ಅಲ್ಪಾವಧಿ ನೆನಪನ್ನು ಬರೀ ಉಗ್ರಾಣವೆಂದು ನೋಡದೆ, ಕೆಲಸ ನಡೆಯುವ ಜಾಗವೆಂದು ವಿವರಿಸಿದರು. ಅದರ ಒಂದು ಭಾಗ ಮನಸ್ಸಿನೊಳಗೇ ಮಾತನ್ನು ಮತ್ತೆ ಮತ್ತೆ ಉಚ್ಚರಿಸಿ ಹಿಡಿದಿಡುತ್ತದೆ. ಇನ್ನೊಂದು, ಕಂಡದ್ದನ್ನೂ ಅದು ಇರುವ ಜಾಗವನ್ನೂ. ಮಾಣಿಯ ನಾಲಿಗೆ ಮೊದಲನೆಯದನ್ನು ನೋಡಿಕೊಂಡರೆ, ಮೂಲೆ ಮೇಜು, ಗೋಡೆ ಬದಿ, ಕನ್ನಡಕದವರು ಎಂಬ ಅವನ ಗುರುತುಗಳು ಎರಡನೆಯದನ್ನು.

ವಿದ್ವಾಂಸರ ಕಣ್ಣಿಗೆ ಹೋಟೆಲಿನ ಈ ಜಾಣತನ ಬೀಳಲು ಇನ್ನಷ್ಟು ಕಾಲ ಬೇಕಾಯಿತು. 1988ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ ಅಮೆರಿಕದ ಒಬ್ಬ ವೇಟರನ್ನು ಪರೀಕ್ಷಿಸಿದರು. ಬರೆದುಕೊಳ್ಳದೆ ಇಪ್ಪತ್ತು ಜನರ ಊಟದ ಆರ್ಡರ್ ನೆನಪಿಡುತ್ತಿದ್ದ ಆತ ಒಬ್ಬೊಬ್ಬರ ಊಟವನ್ನು ಬೇರೆ ಬೇರೆ ನೆನೆಯುತ್ತಿರಲಿಲ್ಲ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಮಾಂಸ ಎಷ್ಟು ಬೇಯಬೇಕು, ಸಲಾಡಿಗೆ ಯಾವ ಡ್ರೆಸಿಂಗ್ ಎಂದು ಬಗೆಬಗೆಯಾಗಿ ವಿಂಗಡಿಸುತ್ತಿದ್ದ. 2008ರಲ್ಲಿ ಪ್ರಕಟವಾದ ಬ್ಯೂನಸ್ ಐರಿಸ್‌ನ ಅಧ್ಯಯನ ಇನ್ನೂ ತಮಾಷೆಯದು. ಆರ್ಡರ್ ಕೊಟ್ಟ ಗಿರಾಕಿಗಳು ಗುಟ್ಟಾಗಿ ಕುರ್ಚಿ ಬದಲಿಸಿಕೊಂಡರು. ನುರಿತ ವೇಟರುಗಳೂ ತಪ್ಪತೊಡಗಿದರು. ಸಯನ್‌ನ ಯಾವ ಮಾಣಿಯಾದರೂ ಪ್ರಯೋಗವಿಲ್ಲದೆಯೇ ಇದನ್ನು ಹೇಳಿಬಿಡುತ್ತಿದ್ದ.

ತಿಂಡಿಗಿಂತ ಬಿಲ್ಲು ಕಷ್ಟ. ಅನೇಕ ಹೋಟೆಲುಗಳಲ್ಲಿ ಗಿರಾಕಿ ಎದ್ದು ಗಲ್ಲಾ ಕಡೆ ಹೊರಟಾಗ ಮಾಣಿ ಮೊತ್ತವನ್ನು ಒಳಗಿನಿಂದಲೇ ಕೂಗಿ ಹೇಳುವ ರೂಢಿಯಿತ್ತು. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ನೂರು ಪೈಸೆಯ ಸುಖ ಇರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದೋಸೆಗೆ ಮೂರಾಣೆ, ಕಾಫಿಗೆ ಒಂದೂವರೆ ಆಣೆ ಎಂದಿಟ್ಟುಕೊಂಡು ನಾಲ್ವರ ಲೆಕ್ಕ ಬಾಯಲ್ಲೇ ಕೂಡಿ ನೋಡಿದರೆ ಇದರ ಬಿಸಿ ತಿಳಿಯುತ್ತದೆ. ಇಲ್ಲಿ ನೆರವಿಗೆ ಬಂದದ್ದು ಊರಿನ ಶಾಲೆಯಲ್ಲಿ ಉರುಹೊಡೆದ ಮಗ್ಗಿ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಸೇರಿ. ದೀರ್ಘಾವಧಿ ನೆನಪಿನಲ್ಲಿ ಗಟ್ಟಿಯಾಗಿ ಕೂತ ಮಗ್ಗಿ ಉತ್ತರವನ್ನು ತಾನಾಗಿ ಎತ್ತಿಕೊಟ್ಟರೆ, ಆ ಕ್ಷಣದ ತಲೆಗೆ ಕೂಡುವ ಕೆಲಸವಷ್ಟೇ ಉಳಿಯುತ್ತದೆ. ಕಂಠಪಾಠವನ್ನು ಹಳಿಯುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಮರೆಯುವುದೂ ಕಸುಬಿನ ಭಾಗವೇ. ಅರ್ಧ ಗಂಟೆ ಹಿಂದೆ ಅದೇ ಮೇಜಿನಲ್ಲಿ ಕೂತವರ ಪಟ್ಟಿ ತಲೆಯಲ್ಲಿ ಉಳಿದರೆ ಹೊಸಬರ ಪಟ್ಟಿಗೆ ಅಡ್ಡ ಬರುತ್ತದೆ. ಪೀಟರ್ಸನ್ ಪ್ರಯೋಗದಲ್ಲಿ ಕಂಡ ಮರೆವಿಗೂ ಇಂಥ ಹಳೆಯ ಪಟ್ಟಿಗಳ ಅಡ್ಡಿಯೇ ದೊಡ್ಡ ಕಾರಣವೆಂದು 1962ರಲ್ಲಿ ಕೆಪ್ಪೆಲ್ ಮತ್ತು ಅಂಡರ್‌ವುಡ್ ತೋರಿಸಿದರು. ಬರ್ಲಿನ್‌ನ ವೇಟರುಗಳು ದುಡ್ಡು ಸಂದಾಯವಾಗುವತನಕ ಎಲ್ಲ ನೆನಪಿಟ್ಟು, ಆಮೇಲೆ ಮರೆತುಬಿಡುತ್ತಿದ್ದರೆಂಬ ಕಥೆಯೊಂದಿದೆ. ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಿಗೆ ಅದೇ ಪ್ರೇರಣೆ ಎನ್ನುತ್ತಾರೆ. ಅವರ ಫಲಿತಾಂಶ ಮುಂದೆ ಎಲ್ಲ ಪ್ರಯೋಗಗಳಲ್ಲೂ ಸಿಗಲಿಲ್ಲ. ಕಥೆ ಮಾತ್ರ ಹೋಟೆಲಿನ ಬಾಳಿಗೆ ಹತ್ತಿರದ್ದು.

ಚೀಟಿ ಪುಸ್ತಕ ಬಂತು, ಅದರ ಹಿಂದೆ ಕಂಪ್ಯೂಟರ್ ಬಿಲ್ಲು, ಈಗ ಟ್ಯಾಬ್. ತಪ್ಪು ಕಡಿಮೆಯಾಯಿತು, ತೆರಿಗೆ ಲೆಕ್ಕಕ್ಕೂ ಅನುಕೂಲ. ಹಳೆಯದೇ ಚೆನ್ನಾಗಿತ್ತೆಂದು ಹಲುಬಬೇಕಾಗಿಲ್ಲ. ಆದರೆ ಆಣೆಯ ಲೆಕ್ಕ ಕೂಗಿದ ಹುಡುಗರಿಗೆ ಈಗ ಎಂಬತ್ತು ದಾಟಿದೆ. ಗೋಕುಲದಂಥ ಸಂಘಗಳೂ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಮನಸ್ಸು ಮಾಡಿ ಅವರನ್ನು ಕೂರಿಸಿ, ಮೇಜುಗಳನ್ನು ಹೇಗೆ ಗುರುತಿಡುತ್ತಿದ್ದರು, ಏನೆಂದು ಕೂಗುತ್ತಿದ್ದರು ಎಂಬುದನ್ನು ಅವರ ದನಿಯಲ್ಲೇ ಈಗಲೇ ಧ್ವನಿಮುದ್ರಿಸಿಕೊಳ್ಳಬೇಕು.