ಲಂಡನ್ ಮೃಗಾಲಯದ ಕಟ್ಟಡಗಳು

ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ 1828ರಲ್ಲಿ ಸ್ಥಾಪಿತವಾದ ಮೃಗಾಲಯವು ಮೊದಮೊದಲು ಸಂಘದ ಸದಸ್ಯರಿಗೆ ಮೀಸಲಾಗಿದ್ದು, 1847ರಲ್ಲಿ ಸಾಮಾನ್ಯ ಜನರಿಗೂ ತೆರೆಯಲ್ಪಟ್ಟಿತು. ಆ ಕಾಲದಲ್ಲಿ ಮೃಗಕ್ಕೆ ವಾಸಸ್ಥಾನವೆಂದರೆ ಕಬ್ಬಿಣದ ಪಂಜರವೇ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿ ಕಾರ್ಲ್ ಹಾಗೆನ್‌ಬೆಕ್ ಸರಳುಗಳನ್ನು ತೊಲಗಿಸಿ, ಮೃಗಕ್ಕೂ ನೋಟಕನಿಗೂ ನಡುವೆ ಕಂದಕವನ್ನು ಮಾತ್ರ ಇರಿಸಿದನು. ಅದನ್ನನುಸರಿಸಿ 1914ರ ವೇಳೆಗೆ ಲಂಡನ್ನಿನಲ್ಲಿಯೂ ಕರಡಿಗಳಿಗಾಗಿ ಕಾಂಕ್ರೀಟಿನ ಕೃತಕಗಿರಿಗಳು ಎದ್ದುವು.

ಸರಳುಗಳೇನೋ ಹೋದುವು, ಕಟ್ಟುವವನ ದೃಷ್ಟಿ ಪ್ರಾಣಿಯ ಕಡೆಗೆ ಹೊರಳಿತೆನ್ನಲಾಗದು. 1934ರಲ್ಲಿ ಲ್ಯುಬೆಟ್ಕಿನ್ ಮತ್ತು ಅವನ ಸಹಶಿಲ್ಪಿಗಳು ಪೆಂಗ್ವಿನ್ ಪಕ್ಷಿಗಳಿಗಾಗಿ ಅಂಡಾಕಾರದ ಕೊಳವೊಂದನ್ನು ರಚಿಸಿದರು. ಒಂದನ್ನೊಂದು ಬಳಸಿ ಇಳಿಯುವ ಅದರ ಎರಡು ಓರೆದಾರಿಗಳನ್ನು ವಾಸ್ತುಶಿಲ್ಪಜ್ಞರು ಬಹುವಾಗಿ ಕೊಂಡಾಡಿದರು. ಆದರೆ ಆ ಗಟ್ಟಿ ಕಾಂಕ್ರೀಟಿನ ಮೇಲೆ ನಡೆದು ಹಕ್ಕಿಗಳ ಅಂಗಾಲುಗಳು ಹುಣ್ಣಾದುವು! 2004ರಲ್ಲಿ ಅವುಗಳನ್ನು ಅಲ್ಲಿಂದ ಸಾಗಿಸಬೇಕಾಯಿತು. 2011ರಲ್ಲಿ ಅವಕ್ಕೆ ದಂಡೆಯುಳ್ಳ ವಿಶಾಲವಾದ ಹೊಸ ಕೊಳ ದೊರೆಯಿತು. ಹಳೆಯ ಕೊಳವಾದರೋ ಸಂರಕ್ಷಿತ ಕಟ್ಟಡ. 36 ಎಕರೆಯ ಇಕ್ಕಟ್ಟಿನಲ್ಲಿಯೂ ಅದನ್ನು ಕೆಡಹುವಂತಿಲ್ಲ. 1965ರ ಆನೆಮನೆಯ ಕತೆಯೂ ಇದೇ. ಆನೆಗಳು 2001ರಲ್ಲಿಯೇ ವಿಪ್ಸ್‌ನೇಡಿನ ಬಯಲಿಗೆ ಹೋದುವು.

ಇವೆಲ್ಲಕ್ಕೂ ಹಿಂದೆ, 1836-37ರಲ್ಲಿ, ಡೆಸಿಮಸ್ ಬರ್ಟನ್ ಕಟ್ಟಿದ ಜಿರಾಫೆಯ ಮನೆಯು ಆಡಂಬರವಿಲ್ಲದ ಇಟ್ಟಿಗೆಯ ಕಟ್ಟಡ. ಒಂದೂವರೆ ಶತಮಾನಕ್ಕೂ ಮೀರಿ ಅದು ಅದೇ ಪ್ರಾಣಿಗೆ ಆಶ್ರಯವಿತ್ತಿತು. ಜಿರಾಫೆಯ ಕತ್ತಿನ ಅಳತೆಗೆ ತಕ್ಕಂತೆ ಅವನು ಅದಕ್ಕೆ ಸುಮಾರು 16 ಅಡಿ ಎತ್ತರದ ಬಾಗಿಲುಗಳನ್ನು ಇಡಿಸಿದ್ದನು.