ಸಣ್ಣ ಉದ್ದಿಮೆಗಳ ಸ್ಥಳ ಪರವಾನಗಿ ಮತ್ತು ತಕರಾರು ವಿಚಾರಣೆ

ಹಿಟ್ಟಿನ ಗಿರಣಿ, ಬೇಕರಿ, ಹೋಟೆಲು, ವೆಲ್ಡಿಂಗ್ ಶಾಪು, ಸಾಮಿಲ್ಲು ಮುಂತಾದ ಸಣ್ಣ ಉದ್ದಿಮೆಗಳನ್ನು ಊರಿನ ಇಂಥ ಜಾಗದಲ್ಲಿ ನಡೆಸಬಹುದೇ ಎಂದು ಸ್ಥಳೀಯ ಸಂಸ್ಥೆಯೋ ಸರ್ಕಾರಿ ಅಧಿಕಾರಿಯೋ ತೀರ್ಮಾನಿಸುವ, ಹಾಗೆ ತೀರ್ಮಾನಿಸುವಾಗ ಅಕ್ಕಪಕ್ಕದವರ ತಕರಾರನ್ನು ಕೇಳುವ ಪದ್ಧತಿ. ಅಮೆರಿಕದ ಊರುಗಳಲ್ಲಿ ಈ ಕೆಲಸಕ್ಕೆಂದೇ ಒಂದು ಮಂಡಳಿ ಇರುತ್ತದೆ. ಅರ್ಜಿದಾರನೂ ನೆರೆಯವರೂ ಒಂದೇ ಸಂಜೆ ಅದರೆದುರು ನಿಂತು ಮಾತಾಡುತ್ತಾರೆ. ಕರ್ನಾಟಕದಲ್ಲಿ ಅಂಥ ಒಂದು ಕಟ್ಟೆ ಹುಟ್ಟಲಿಲ್ಲ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂಥ ಊರಿನಲ್ಲಿ ಒಂದು ಮಿಲ್ಲು ಹಾಕಬೇಕೆಂದರೆ ಲೈಸೆನ್ಸು ಗ್ರಾಮ ಪಂಚಾಯಿತಿಯಲ್ಲಿ, ಜಮೀನಿನ ಅಲಿನೇಷನ್ ಅಂದರೆ ಭೂ ಪರಿವರ್ತನೆ ಜಿಲ್ಲಾಧಿಕಾರಿಯ ಕಚೇರಿಯಲ್ಲಿ, ಕರೆಂಟು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಲ್ಲಿ. ನೆರೆಯವನ ತಕರಾರು ಈ ಮೂರರಲ್ಲಿ ಎಲ್ಲಿಯಾದರೂ ಬೀಳಬಹುದು, ಎಲ್ಲಿಯೂ ಬೀಳದೆಯೂ ಹೋಗಬಹುದು. ನಮ್ಮಲ್ಲಿ ಅನುಮತಿಯ ಕಾನೂನು ಬೆಳೆದದ್ದು ನಕ್ಷೆಯಿಂದಲ್ಲ, ತೆರಿಗೆ ಮತ್ತು ಉಪದ್ರವ ಎಂಬ ಎರಡು ಬೇರುಗಳಿಂದ. ಈ ಚದುರುವಿಕೆಗೆ ಕಾರಣ ಅದೇ.

ಹಿನ್ನೆಲೆ

ಯಾವ ಕಸುಬು ಊರಿನ ಯಾವ ದಿಕ್ಕಿನಲ್ಲಿರಬೇಕೆಂಬ ಯೋಚನೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಕೋಟೆಯೊಳಗಿನ ನೆಲೆಗಳನ್ನು ಹೇಳುವಾಗ ಬೇಯಿಸಿದ ಅನ್ನ, ಮದ್ಯ, ಮಾಂಸ ಮಾರುವವರನ್ನು ದಕ್ಷಿಣಕ್ಕೆ ಇಡುತ್ತದೆ. ಕನ್ನಡ ಶಾಸನಗಳಲ್ಲಿ ಜಾಗಕ್ಕಿಂತ ತೆರಿಗೆಯ ಮಾತೇ ಹೆಚ್ಚು: ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಸರಕಿಗೆ ಸುಂಕ. ತೆರಿಗೆ ಕೊಟ್ಟವನಿಗೆ ನಡೆಸುವ ಹಕ್ಕು ತಾನಾಗಿ ಬರುತ್ತಿತ್ತು. ಮೈಸೂರು ಸೀಮೆಯಲ್ಲಿ ಕಸುಬು, ಅಂಗಡಿ, ಮಗ್ಗಗಳ ಮೇಲಿನ ಮೊಹತರ್ಫಾ ಇದೇ ಸಾಲಿನದು. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆಯೇ 769 ಎಂದು ಗೆಜೆಟಿಯರ್‌ನಲ್ಲಿ ದಾಖಲಾಗಿದೆ.

ಜಾಗವನ್ನು ನಿಗದಿ ಮಾಡುತ್ತಿದ್ದದ್ದು ಜಾತಿ. ಕುಂಬಾರ ಬೀದಿ, ಗಾಣಿಗರ ಬೀದಿ, ಊರಾಚೆಯ ಕೇರಿ ಎಂಬ ವಿಂಗಡಣೆಗೆ ಅರ್ಜಿಯೂ ಇರಲಿಲ್ಲ, ವಿಚಾರಣೆಯೂ ಇರಲಿಲ್ಲ. ಚರ್ಮ ಹದ ಮಾಡುವವನು ಎಲ್ಲಿರಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ನಮ್ಮ ಹಳ್ಳಿಗಳಿಗೆ ವಲಯ ವಿಂಗಡಣೆ ಹೊಸದು ಎನ್ನುವವರು ಇದನ್ನು ಮರೆತಿರುತ್ತಾರೆ. ಲಿಖಿತ ಅರ್ಜಿ, ಲಿಖಿತ ಕಾರಣ, ಮೇಲ್ಮನವಿ ಎಂಬ ಮೂರು ಸಂಗತಿಗಳು ಬಂದದ್ದೇ ಆ ಕಟ್ಟಳೆಯ ಮೇಲೆ ಬಿದ್ದ ಮೊದಲ ಪೆಟ್ಟು.

ಹೊರನಾಡಿನ ಚರಿತ್ರೆಯಲ್ಲೂ ಆರಂಭ ಅಷ್ಟೇನೂ ಶುಭ್ರವಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದೊಳಗೆ ಬಟ್ಟೆ ಒಗೆಯುವ ಅಂಗಡಿ ಇಡಲು ನಗರದ ಮೇಲ್ವಿಚಾರಕ ಮಂಡಳಿಯ ಒಪ್ಪಿಗೆ ಬೇಕೆಂಬ ಕಾನೂನು 1880ರಲ್ಲಿ ಬಂತು. ಬೆಂಕಿಯ ಭಯ ಅದಕ್ಕೆ ಕೊಟ್ಟ ಕಾರಣ. ಅರ್ಜಿ ಹಾಕಿದ ಸುಮಾರು 200 ಚೀನೀಯರಿಗೆ ಒಪ್ಪಿಗೆ ಸಿಗಲಿಲ್ಲ. ಚೀನೀಯರಲ್ಲದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತು. 1886ರಲ್ಲಿ ಯಿಕ್ ವೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾನೂನಿನ ಅಕ್ಷರ ನಿಷ್ಪಕ್ಷಪಾತವಾಗಿದ್ದರೂ ಅದನ್ನು ನಡೆಸುವ ಕೈ ಪಕ್ಷಪಾತಿಯಾದರೆ ಅದು ಸಲ್ಲದೆಂದು ತೀರ್ಪಿತ್ತಿತು. ನಗರವನ್ನು ಪೂರ್ತಿ ವಲಯಗಳಾಗಿ ಹಂಚಿದ ನ್ಯೂಯಾರ್ಕಿನ ನಿಯಮ 1916ರದು. ವಿಶೇಷ ಬಳಕೆಗೆ ಬಹಿರಂಗ ವಿಚಾರಣೆ ಎಂಬ ರೂಢಿ 1920ರ ದಶಕದ ಮಾದರಿ ಕಾನೂನಿನಿಂದ ಅಲ್ಲಿನ ಊರೂರಿಗೆ ಹಬ್ಬಿತು. ಭಾರತದಲ್ಲಿ ಮುಂಬಯಿಯ ನಗರ ಯೋಜನಾ ಕಾಯ್ದೆ 1915ರಲ್ಲೂ ಮದರಾಸಿನದು 1920ರಲ್ಲೂ ಬಂದವು.

ಮೈಸೂರು ಸಂಸ್ಥಾನದಲ್ಲಿ

ಬೆಂಗಳೂರು ಮತ್ತು ಮೈಸೂರಿನಲ್ಲಿ ಪುರಸಭೆಗಳು 1862ರಲ್ಲಿ ಶುರುವಾದವು. 1898ರ ಪ್ಲೇಗು ಇಕ್ಕಟ್ಟಿನ ಪೇಟೆಯ ಬಗ್ಗೆ ಹುಟ್ಟಿಸಿದ ದಿಗಿಲಿನಿಂದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. 1906ರ ಪುರಸಭಾ ರೆಗ್ಯುಲೇಷನ್ನಿನ ಕಾಲಕ್ಕೆ ದುರ್ವಾಸನೆಯ, ಬೆಂಕಿ ಅಪಾಯದ ಕಸುಬುಗಳನ್ನು ಪರವಾನಗಿಯ ಕೆಳಗೆ ತರುವುದು ಆಡಳಿತದ ಮಾಮೂಲು ವಿಚಾರವಾಗಿತ್ತು.

ಹಳ್ಳಿಗಳಿಗೆ ಯಂತ್ರ ಬಂದ ಕಥೆಯಲ್ಲಿ ಬೆಳಕವಾಡಿಯ ಆಸುಪಾಸಿಗೆ ವಿಶೇಷ ಸ್ಥಾನವಿದೆ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಹೊರಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ತಂತಿ ತಲೆಯ ಮೇಲೆ ಹಾದು ಹೋದ ಹಳ್ಳಿಗಳಿಗೆ ಕರೆಂಟು ಮುಟ್ಟಿದ್ದು ಎಷ್ಟೋ ಕಾಲದ ಮೇಲೆ. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಭತ್ತ ಮತ್ತು ಕಬ್ಬಿನ ಹಿಂದೆಯೇ ಅಕ್ಕಿ ಗಿರಣಿಯೂ ಯಂತ್ರದ ಗಾಣವೂ ಬಂದವು. ಎತ್ತಿನ ಗಾಣಕ್ಕೆ ಯಾರೂ ತಕರಾರು ಹೇಳುವಂತಿರಲಿಲ್ಲ. ಎಂಜಿನ್ ಸದ್ದು, ಹೊಟ್ಟಿನ ದೂಳು, ಗೋಡೆಯ ಅದುರು ಹೊಸ ಬಗೆಯ ಜಗಳಗಳನ್ನು ತಂದವು.

ಆಲೆಮನೆ ಗದ್ದೆ ಬಯಲಿನಲ್ಲಿ, ಕಬ್ಬಿನ ಪಕ್ಕದಲ್ಲೇ ಇರುವುದು ರೂಢಿ. ಹಾಗಾಗಿ ಅದರ ಹೊಗೆ ಹಟ್ಟಿಗಳಿಗೆ ತಟ್ಟುವುದು ಕಡಿಮೆ. ಅದಕ್ಕೆದುರಾದ ದೊಡ್ಡ ತಕರಾರು ನೆರೆಯವರದಲ್ಲ, ಸಕ್ಕರೆ ಕಾರ್ಖಾನೆಯದು. ಕಬ್ಬು ಕಡಿಮೆಯಾದ ವರ್ಷಗಳಲ್ಲಿ ಕಾರ್ಖಾನೆಗೆ ಹೋಗಬೇಕಾದದ್ದು ಆಲೆಮನೆಗೆ ಹೋಗುತ್ತದೆಂಬ ದೂರು ಏಳುತ್ತಿತ್ತು. 1966ರ ಕಬ್ಬು ನಿಯಂತ್ರಣ ಆದೇಶ ಯಂತ್ರದ ಗಾಣ ಮತ್ತು ಖಂಡಸಾರಿ ಘಟಕಗಳಿಗೆ ಲೈಸೆನ್ಸು ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸಣ್ಣ ಉದ್ದಿಮೆಯ ಪರವಾನಗಿ ನೆರೆಹೊರೆಯ ನೆಮ್ಮದಿಗಲ್ಲದೆ ದೊಡ್ಡ ಉದ್ದಿಮೆಯ ಹೊಟ್ಟೆ ತುಂಬಿಸಲು ಬಳಕೆಯಾದುದಕ್ಕೆ ಇದು ಒಳ್ಳೆಯ ಉದಾಹರಣೆ.

ಗ್ರಾಮ ಪಂಚಾಯಿತಿಯ ಅಧಿಕಾರ

ಸಂಸ್ಥಾನದ 1926ರ ಗ್ರಾಮ ಪಂಚಾಯಿತಿ ರೆಗ್ಯುಲೇಷನ್, 1952 ಮತ್ತು 1959ರ ಕಾಯ್ದೆಗಳು, 1983ರ ಮಂಡಲ ಪಂಚಾಯಿತಿ ಕಾಯ್ದೆ ಇವುಗಳ ಸರಣಿಯಲ್ಲಿ ಇಂದು ಜಾರಿಯಲ್ಲಿರುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಅದರ ಈಗಿನ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅದರ 64ನೆಯ ಪ್ರಕರಣ ಕಟ್ಟಡಕ್ಕೂ 66ನೆಯ ಪ್ರಕರಣ ಉಗಿ, ನೀರು, ವಿದ್ಯುತ್ ಬಲದಿಂದ ನಡೆಯುವ ಕಾರ್ಖಾನೆ ಮತ್ತು ಯಂತ್ರಗಳಿಗೂ ಪಂಚಾಯಿತಿಯ ಅನುಮತಿ ಕಡ್ಡಾಯ ಮಾಡುತ್ತವೆ. ಹೋಟೆಲು, ಕಾಫಿ ಅಂಗಡಿ, ಬೇಕರಿಗಳಿಗೆ ಬೇರೆ ಲೈಸೆನ್ಸಿನ ಉಪಬಂಧವಿದೆ.

ಕಾಗದದ ನಡೆ ಹೀಗೆ. ಅರ್ಜಿದಾರ ಮನೆಯ ಖಾತೆ, ಕಂದಾಯದ ರಸೀದಿ ಲಗತ್ತಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡುತ್ತಾನೆ. ಸ್ಥಳ ನೋಡಿ ಬಂದ ಮೇಲೆ ವಿಷಯ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಸದಸ್ಯರು ಒಪ್ಪಿದರೆ ಠರಾವು ನಡಾವಳಿ ಪುಸ್ತಕಕ್ಕೆ ಏರುತ್ತದೆ. ಪಕ್ಕದ ಮನೆಯವರು ತಕರಾರು ಅರ್ಜಿ ಕೊಟ್ಟಿದ್ದರೆ ಅದೂ ಅದೇ ಸಭೆಗೆ ಬರುತ್ತದೆ. ಆದರೆ ಸಭೆಯಲ್ಲಿ ಮಾತಾಡುವವರು ಸದಸ್ಯರು. ತಕರಾರುದಾರ ಬಾಗಿಲ ಹೊರಗೆ ನಿಂತಿರುತ್ತಾನೆ, ಅವನ ಪರವಾಗಿ ಅವನ ವಾರ್ಡಿನ ಸದಸ್ಯ ಮಾತಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಜವಾದ ಮಾತುಕತೆ ಅದಕ್ಕೆ ಮೊದಲೇ ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ನಡೆದಿರುತ್ತದೆ: ಮಿಷನ್ನು ರಾತ್ರಿ ಎಂಟರ ಮೇಲೆ ಓಡಿಸಬೇಡ, ಹೊಟ್ಟು ಚರಂಡಿಗೆ ಬಿಡಬೇಡ, ಶೆಡ್ಡನ್ನು ಎರಡು ಮಾರು ಹಿಂದಕ್ಕೆ ಹಾಕು ಎಂದು. ಇಂಥ ಷರತ್ತುಗಳು ನಡಾವಳಿಯಲ್ಲಿ ಬರೆದಿರುವುದು ಅಪರೂಪ, ಪಾಲನೆಯಾಗುವುದು ಮಾತ್ರ ಅಷ್ಟು ಅಪರೂಪವಲ್ಲ. ಅರ್ಜಿಯಲ್ಲಿ ಹೊಗೆ ಎಂದು ಬರೆದು ಒಳಗೆ ಹಗೆ ಇಟ್ಟುಕೊಂಡ ತಕರಾರುಗಳೂ ಉಂಟು. ಪಂಚಾಯಿತಿ ಚುನಾವಣೆ ಮುಗಿದ ವರ್ಷ ಅವುಗಳ ಸಂಖ್ಯೆ ಏರಿದರೆ ಹಳ್ಳಿಯಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಅನುಮತಿಯ ಹಂತದಲ್ಲಿ ಸಿಗದ ವಿಚಾರಣೆ ಉಪದ್ರವದ ಹಂತದಲ್ಲಿ ಸಿಗುತ್ತದೆ. ಜನರ ಆರೋಗ್ಯಕ್ಕೋ ನೆಮ್ಮದಿಗೋ ಹಾನಿಯಾಗುವ ಕಸುಬನ್ನು ನಿಲ್ಲಿಸಲು ಅಥವಾ ತಿದ್ದಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಹೊರಡಿಸಬಹುದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ 1973ರದರಲ್ಲೂ ಇದು 133ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು. ಇಲ್ಲಿ ನೋಟಿಸು ಉಂಟು, ಸಾಕ್ಷಿ ಉಂಟು, ಅಂಗಡಿಯವನಿಗೆ ಉತ್ತರ ಹೇಳುವ ಅವಕಾಶ ಉಂಟು. ಹಳ್ಳಿಯ ಮಟ್ಟಿಗೆ ತಕರಾರು ವಿಚಾರಣೆ ಎಂಬ ಮಾತಿಗೆ ತೀರಾ ಹತ್ತಿರದ್ದು ಇದೇ. ಬಂಡವಾಳ ಹಾಕಿ ಯಂತ್ರ ಕೂರಿಸಿದ ಮೇಲೆ ಬರುವ ವಿಚಾರಣೆಯಾದ್ದರಿಂದ ಎರಡೂ ಕಡೆಗೆ ಇದು ದುಬಾರಿ.

ನಕ್ಷೆ ಬಂದ ಮೇಲೆ

ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು, ಜಾರಿಗೆ ಬಂದದ್ದು 1965ರ ಜನವರಿಯಲ್ಲಿ. ಯೋಜನಾ ಪ್ರಾಧಿಕಾರವಿರುವ ಕಡೆ ಭೂಮಿಯನ್ನು ವಾಸ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ವಿಂಗಡಿಸಿ, ಪ್ರತಿ ವಲಯದಲ್ಲೂ ನೇರವಾಗಿ ಒಪ್ಪಿತವಾದ ಬಳಕೆ ಮತ್ತು ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರ ಒಪ್ಪಬಹುದಾದ ಬಳಕೆ ಎಂದು ಎರಡು ಪಟ್ಟಿ ಮಾಡುವುದು ವಲಯ ನಿಯಮಗಳ ರೂಢಿ. ಈ ಎರಡನೆಯ ಪಟ್ಟಿಯೇ ಅಮೆರಿಕದ ವಿಶೇಷ ಪರವಾನಗಿಯ ಕನ್ನಡನಾಡಿನ ಬಂಧು. ಭೂಬಳಕೆಯನ್ನೇ ಬದಲಿಸಬೇಕಾದರೆ 14-ಎ ಕಲಮಿನಂತೆ ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಪತ್ರಿಕೆಯ ಒಳಪುಟದ ಸಣ್ಣಕ್ಷರದ ಆ ಪ್ರಕಟಣೆಯನ್ನು ಪಕ್ಕದ ಮನೆಯವನು ಓದಿರುತ್ತಾನೆಂಬ ನಂಬಿಕೆಯ ಮೇಲೆ ಇಡೀ ಏರ್ಪಾಡು ನಿಂತಿದೆ.

ಪ್ರಾಧಿಕಾರದ ನಕ್ಷೆಯಿಲ್ಲದ ಹಳ್ಳಿಗೆ ಇರುವ ಒಂದೇ ಗೆರೆ ಗ್ರಾಮಠಾಣಾ, ಅಂದರೆ ಮನೆಗಳಿರುವ ಊರಿನ ಎಲ್ಲೆ. ಅದರಾಚೆಯ ಸಾಗುವಳಿ ಜಮೀನಿನಲ್ಲಿ ಶೆಡ್ಡು ಹಾಕಲು 1964ರ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆಯಾಗಬೇಕು. ನಾಲ್ಕು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಂತೆ ಎಂಬ ಉಪಬಂಧ ಆ ಕಲಮಿನಲ್ಲಿತ್ತು.

ಸಿನಿಮಾ ಮಂದಿರಗಳದ್ದು ಬೇರೆ ದಾರಿ. 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಜಿಲ್ಲಾ ಮ್ಯಾಜಿಸ್ಟ್ರೇಟರೇ ಲೈಸೆನ್ಸು ಕೊಡುವವರು. ಊರೂರು ಸುತ್ತಿದ ಟೂರಿಂಗ್ ಟಾಕೀಸಿನ ಟೆಂಟುಗಳೂ ಅದರೊಳಗೆ ಬಂದವು. ಮದ್ಯದಂಗಡಿಗೆ ಅಬಕಾರಿ ನಿಯಮಗಳು ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ದೂರ ವಿಧಿಸುತ್ತವೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗಿನ ಮದ್ಯದಂಗಡಿಗಳನ್ನು ತೆಗೆಯಬೇಕೆಂದಿತು. 2017ರ ಮಾರ್ಚ್‌ನಲ್ಲಿ 20,000ದವರೆಗಿನ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. ರಸ್ತೆಬದಿ ಬಿಟ್ಟ ಅಂಗಡಿಗಳು ಊರೊಳಗೆ ಜಾಗ ಹುಡುಕಿದಾಗ ರಾಜ್ಯದ ಹಲವೆಡೆ ಹೆಂಗಸರು ಬೀದಿಗಿಳಿದರು. ಯಾವ ನಿಯಮವೂ ಅವರನ್ನು ಮೊದಲೇ ಕರೆದು ಕೇಳಿರಲಿಲ್ಲ.

ತಕರಾರು ಹೇಳಲು ಯಾರಿಗೆ ಹಕ್ಕು

ಈ ಪ್ರಶ್ನೆಗೆ ಉತ್ತರ ಕಟ್ಟಿಕೊಟ್ಟ ಎರಡು ಮುಖ್ಯ ತೀರ್ಪುಗಳು ಈ ರಾಜ್ಯದಿಂದಲೇ ಹೋದವು. ಅಕ್ಕಿ ಗಿರಣಿಯ ಜಾಗ ಬದಲಾವಣೆಗೆ 1958ರ ಅಕ್ಕಿ ಗಿರಣಿ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕಿತ್ತು. ನಗರ್ ರೈಸ್ ಅಂಡ್ ಫ್ಲೋರ್ ಮಿಲ್ಸ್ ಪ್ರಕರಣದಲ್ಲಿ ಪಕ್ಕದ ಗಿರಣಿಯವರು ಅಂಥ ಅನುಮತಿಯನ್ನು ಪ್ರಶ್ನಿಸಿದಾಗ, ಪೈಪೋಟಿ ಹೆಚ್ಚುತ್ತದೆ ಎಂಬುದು ದೂರಲು ಕಾರಣವಾಗದು ಎಂದು 1970ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಆ ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಇದರಲ್ಲಿ 1991ರಲ್ಲಿ ಅದೇ ಸುಪ್ರೀಂ ಕೋರ್ಟು ನಿವಾಸಿಗಳ ಹಕ್ಕನ್ನು ಎತ್ತಿಹಿಡಿದು ಹಂಚಿಕೆಯನ್ನು ರದ್ದುಮಾಡಿತು. ಪೈಪೋಟಿಗಾರನಿಗೆ ಇಲ್ಲದ ಬಾಯಿ ನೆರೆಯವನಿಗೆ ಉಂಟು ಎಂಬುದು ಎರಡರ ತಾತ್ಪರ್ಯ. ಹಳ್ಳಿಯಲ್ಲಿ ಪೈಪೋಟಿಗಾರನೇ ನೆರೆಯವನೂ ಆಗಿರುವುದರಿಂದ ಈ ಗೆರೆ ಎಳೆಯುವುದು ಅಷ್ಟು ಸಲೀಸಲ್ಲ.

ಪೂರ್ತಿ ಬಾಯಿಲ್ಲದವರೂ ಇದ್ದಾರೆ. ಹೆದ್ದಾರಿ ಕಾಯ್ದೆಯಡಿ ಭೂಸ್ವಾಧೀನದ ಅಧಿಸೂಚನೆ ಹೊರಟರೆ, ಆ ಭೂಮಿಯಲ್ಲಿ ಹಿತಾಸಕ್ತಿಯುಳ್ಳವರು 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿ ಹೋಯಿತು. ಹಳೆಯ ರಸ್ತೆಯ ಬದಿಯಲ್ಲಿ ವಡೆ, ಇಡ್ಲಿ, ಎಳನೀರು ಮಾರುತ್ತಿದ್ದವರ ಒಂದಡಿ ಜಾಗವೂ ಹೋಗಿರಲಿಲ್ಲ, ಗಿರಾಕಿಗಳು ಹೋಗಿದ್ದರು. ಕಾಯ್ದೆಯ ಕಣ್ಣಿಗೆ ಅದು ಹಿತಾಸಕ್ತಿಯಲ್ಲ.

ಬೀದಿಬದಿ ವ್ಯಾಪಾರಿಗಳ 2014ರ ಕೇಂದ್ರ ಕಾಯ್ದೆ ಮಾತ್ರ ಕಸುಬಿನವರನ್ನೇ ತೀರ್ಮಾನದ ಮೇಜಿಗೆ ಕರೆಯಿತು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರು. ಇದು ನಗರ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುವ ಕಾನೂನು. ಮಳವಳ್ಳಿ ಪುರಸಭೆಯ ಎಲ್ಲೆಯಲ್ಲಿ ಗಾಡಿ ನಿಲ್ಲಿಸಿದವನಿಗೆ ಸಿಗುವ ರಕ್ಷಣೆ ಬೆಳಕವಾಡಿಯಲ್ಲಿ ಗಾಡಿ ನಿಲ್ಲಿಸಿದವನಿಗಿಲ್ಲ.

ಇತ್ತೀಚಿನ ಬದಲಾವಣೆ

2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಕಾಲಮಿತಿ ತಂದಿತು. 2020ರ ತಿದ್ದುಪಡಿಯಿಂದ ಕೈಗಾರಿಕಾ ಸೌಲಭ್ಯ ಕಾಯ್ದೆಯಡಿ ಪ್ರಮಾಣಪತ್ರ ಸಲ್ಲಿಸಿ ಕೆಲಸ ಶುರುಮಾಡಿ, ಹಲವು ಅನುಮತಿಗಳನ್ನು ಮೂರು ವರ್ಷದೊಳಗೆ ಪಡೆಯುವ ಅವಕಾಶ ಬಂತು. ಭೂ ಪರಿವರ್ತನೆಯನ್ನು ಸಡಿಲಿಸುವ ತಿದ್ದುಪಡಿ 2022ರಲ್ಲಿ ಆಯಿತು. ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ ಸಣ್ಣ ಬಂಡವಾಳದವನಿಗೆ ಇದು ನಿಜವಾದ ಬಿಡುಗಡೆ. ಅದೇ ಹೊತ್ತಿಗೆ, ಯಂತ್ರ ಓಡುವ ಮೊದಲು ನೆರೆಯವನು ಮಾತಾಡಲು ಇದ್ದ ಕಿಂಡಿಯೂ ಕಿರಿದಾಯಿತು. ಪ್ರಮಾಣಪತ್ರದ ಮೇಲೆ ನಡೆಯುವ ಘಟಕದ ಬಗ್ಗೆ ಅವನಿಗೆ ಮುಖ್ಯವಾಗಿ ಉಳಿಯುವುದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡುವುದು, ಇಲ್ಲವೇ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವುದು.