ಬೆಂಗಳೂರಿನ ಗ್ಲಸ್ಟರ್: ಕೆಡವಿ ಕೆಡವಿ ಕಟ್ಟಿದ ಉಗ್ರಾಣ



ಕಳೆದ ರಾಜ್ಯೋತ್ಸವದ ಹೊತ್ತಿಗೆ ನಮ್ಮ ವಿಂಡಮ್ ವೇಲ್ ಬಳಗದ ಹಳೆಯ ಸಂಚಿಕೆಗಳನ್ನೂ ಫೋಟೋಗಳನ್ನೂ ಸೇರಿಸಿ ಒಂದು ಪ್ರದರ್ಶನ ಏರ್ಪಡಿಸೋಣವೆಂದು ಹೊರಟೆವು. ಎಲ್ಲವನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಆ ಡಿಸ್ಕು ಮಾತ್ರ ಕಣ್ಣು ಬಿಡಲಿಲ್ಲ. ಕೊನೆಗೆ ನಮ್ಮ ಮಾನ ಉಳಿಸಿದ್ದು ವೆರಿಬಿಯ ಹಿರಿಯರೊಬ್ಬರ ಗರಾಜಿನಲ್ಲಿ ಧೂಳು ತಿನ್ನುತ್ತಿದ್ದ ಜೆರಾಕ್ಸ್ ಪ್ರತಿಗಳು. ಫೋಟೋಗಳು ಹೋದುವು, ಹೋದುವೇ.

ಮನೆಗೊಬ್ಬರಂತೆ ಗಣಕದ ಕೆಲಸದವರೇ ತುಂಬಿರುವ ಬಳಗದಲ್ಲಿ ಹೀಗಾಯಿತಲ್ಲ ಎಂದು ನಾವೇ ನಾಚಿಕೊಂಡೆವು. ಅಂದು ಕಾಫಿಯ ಜೊತೆ ನಡೆದ ಮಾತಿನಲ್ಲಿ ಗ್ಲಸ್ಟರ್ ಹೆಸರು ಬಂತು. ಒಂದು ಪ್ರತಿ ಕೆಟ್ಟರೂ ಇನ್ನೊಂದು ಉಳಿಯಬೇಕು ಎಂಬ ಸರಳ ಮಾತನ್ನು ಸಾಧಿಸಲು ಬೆಂಗಳೂರಿನ ಕೆಲವು ಹುಡುಗರು ವರ್ಷಗಟ್ಟಲೆ ಹೆಣಗಿದ ಕಥೆ ಅದು. ನಮ್ಮ ಮಕ್ಕಳಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹಿನ್ನೆಲೆ. ಒಂದು ಭಾರಿ ಯಂತ್ರ ಕೊಳ್ಳುವ ಬದಲು ಹಲವು ಸಾಧಾರಣ ಗಣಕಗಳನ್ನು ತಂತಿಯಿಂದ ಜೋಡಿಸಿ ಒಂದಾಗಿ ದುಡಿಸುವ ಉಪಾಯಕ್ಕೆ ಕ್ಲಸ್ಟರ್, ಅಂದರೆ ಗೊಂಚಲು, ಎಂದು ಹೆಸರು. 1994ರಲ್ಲಿ ಅಮೆರಿಕದ ನಾಸಾದಲ್ಲಿ ಕಟ್ಟಿದ ಬೇವುಲ್ಫ್ ಇದಕ್ಕೆ ಹೆಸರಾದ ಮಾದರಿ. ಹತ್ತು ವರ್ಷದಲ್ಲಿ ಗೊಂಚಲುಗಳು ದೈತ್ಯವಾಗಿ ಬೆಳೆದುವು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದ 'ಥಂಡರ್' 4,096 ಇಟೇನಿಯಂ ಪ್ರೊಸೆಸರುಗಳ ಗೊಂಚಲಾಗಿದ್ದು, 2004ರ ಜೂನ್ ತಿಂಗಳ ಪಟ್ಟಿಯಲ್ಲಿ ಜಗತ್ತಿನ ಎರಡನೆಯ ಅತಿವೇಗದ ಗಣಕವೆನಿಸಿತು. ಅದನ್ನು ಕಟ್ಟಿದ ಕ್ಯಾಲಿಫೋರ್ನಿಯಾ ಡಿಜಿಟಲ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಹೊಣೆ ಹೊತ್ತಿದ್ದವರು ತಮಿಳುನಾಡು ಮೂಲದ ಆನಂದ್ ಬಾಬು ಪೆರಿಯಸಾಮಿ.

ಲೆಕ್ಕ ಮಾಡಲು ಸಾವಿರ ಯಂತ್ರ ಸಿಕ್ಕವು. ಆ ಲೆಕ್ಕವನ್ನು ಇಡುವುದೆಲ್ಲಿ? ಅದೇ ತೊಡಕು. ಪೆರಿಯಸಾಮಿಯವರು ಹಿತೇಶ್ ಚೆಲ್ಲಾನಿಯವರ ಜೊತೆ 2005ರಲ್ಲಿ ಝಡ್ ರಿಸರ್ಚ್ ಎಂಬ ಸಣ್ಣ ಸಂಸ್ಥೆಯನ್ನು ಆರಂಭಿಸಿದರು. ತಂತ್ರಾಂಶ ಬರೆಯುವ ತಂಡ ಕೂಡಿದ್ದು ಬೆಂಗಳೂರಿನಲ್ಲಿ. ಗ್ನು ಮತ್ತು ಕ್ಲಸ್ಟರ್ ಎರಡೂ ಸೇರಿ 'ಗ್ಲಸ್ಟರ್' ಆಯಿತು. ಮುಂದೆ ಸಂಸ್ಥೆಗೂ ಅದೇ ಹೆಸರು. ಬರೆದದ್ದೆಲ್ಲವೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

ಮದುವೆ ಮನೆಯ ಉಗ್ರಾಣವನ್ನು ನೆನೆಯಿರಿ. ಬೆಲ್ಲ ಎಲ್ಲಿ, ಬೇಳೆ ಎಲ್ಲಿ ಎಂದು ಬಲ್ಲವರು ಉಗ್ರಾಣದ ಯಜಮಾನರೊಬ್ಬರೇ. ಅವರು ಊಟಕ್ಕೆ ಕುಳಿತರೆ ಅಡಿಗೆಮನೆ ನಿಂತಂತೆ. ಅಂದಿನ ಹಲವು ದೊಡ್ಡ ಕಡತ ವ್ಯವಸ್ಥೆಗಳಲ್ಲೂ ಇಂಥ ಯಜಮಾನನಿದ್ದ. ಮೆಟಾಡೇಟಾ ಸರ್ವರ್ ಎಂದು ಹೆಸರು. ಗ್ಲಸ್ಟರ್ ತಂಡದ ಹಂಬಲ ಯಜಮಾನನೇ ಇಲ್ಲದ ಉಗ್ರಾಣ ಕಟ್ಟುವುದು. ಕಡತದ ಹೆಸರನ್ನೇ ಒಂದು ಲೆಕ್ಕಕ್ಕೆ ಹಾಕಿದರೆ ಅದು ಯಾವ ಕೋಣೆಯಲ್ಲಿದೆ ಎಂಬ ಉತ್ತರ ಬರಬೇಕು. ಯಾರನ್ನೂ ಕೇಳುವ ಹಂಗಿಲ್ಲ.

ಇದು ಒಂದೇ ಏಟಿಗೆ ಆಗಲಿಲ್ಲ. 2007ರಲ್ಲಿ ಹೊರಬಂದ 1.3 ಆವೃತ್ತಿಯಲ್ಲಿ 'ಯೂನಿಫೈ' ಎಂಬ ಪದರವಿತ್ತು. ಅದಕ್ಕೆ ಎಲ್ಲ ಹೆಸರುಗಳ ಪಟ್ಟಿ ಹಿಡಿದ ಪ್ರತ್ಯೇಕ ಜಾಗ ಬೇಕಿತ್ತು. ಬೇಡವೆಂದ ಯಜಮಾನ ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಹಾಗಾಯಿತು! 2009ರ 2.0 ಆವೃತ್ತಿಯಲ್ಲಿ ಹೆಸರಿನ ಲೆಕ್ಕದಿಂದಲೇ ಹಂಚುವ ಪದರ ಬಂದ ಮೇಲೆ ಆ ಪಟ್ಟಿಯ ಅಗತ್ಯ ತಪ್ಪಿತು.

ಪರೀಕ್ಷೆ ಮಾಡುತ್ತಿದ್ದ ಬಗೆ ಕೇಳಿ. ಲಿನಕ್ಸ್ ಕರ್ನಲಿನ ಇಡೀ ಮೂಲವನ್ನು ಈ ಉಗ್ರಾಣದಲ್ಲೇ ಬಿಚ್ಚಿ, ಅಲ್ಲೇ ಕಂಪೈಲ್ ಮಾಡುವುದು. ಸಾವಿರಾರು ಸಣ್ಣ ಕಡತಗಳು ಒಮ್ಮೆಗೇ ಹುಟ್ಟಿ ಸಾಯುವ ಈ ಕೆಲಸದಲ್ಲಿ ಹುಳುಕೆಲ್ಲ ಹೊರಬೀಳುತ್ತದೆ. ಎರಡು ಪ್ರತಿಗಳಿರುವಾಗ ನಡುವೆ ಒಂದು ಯಂತ್ರದ ತಂತಿ ಕೀಳುವುದು. ಬರೆಯುವ ಕೆಲಸ ನಿಲ್ಲುವುದೇ ನೋಡುವುದು. ತಂತಿ ಮತ್ತೆ ಸಿಕ್ಕಿಸಿ ಎರಡೂ ಪ್ರತಿ ಅಕ್ಷರಶಃ ಒಂದೇ ಆಗಿವೆಯೇ ಎಂದು ತಾಳೆ ನೋಡುವುದು. ತಾಳೆ ನೋಡಲು 'ಎರೀಕ್ವಲ್' ಎಂಬ ಸಾಧನವನ್ನು ತಂಡದವರೇ ಬರೆದುಕೊಂಡರು. ಭಾರ ಹೇರಿ ನೋಡುವ ಸಾಧನಗಳಲ್ಲಿ ಒಂದು 'ಡಿಬೆಂಚ್'. ಅದನ್ನು ಬರೆದವರು ನಮ್ಮ ಸಿಡ್ನಿ, ಮೆಲ್ಬರ್ನುಗಳ ನಡುವಿನ ಕ್ಯಾನ್‌ಬೆರಾದ ಆಂಡ್ರೂ ಟ್ರಿಜೆಲ್; ಸಾಂಬಾ ತಂತ್ರಾಂಶವನ್ನು ಕೊಟ್ಟವರೂ ಅವರೇ. ಬೆಂಗಳೂರಿನ ಮನೆ ಗಟ್ಟಿಯೇ ಎಂದು ತಟ್ಟಿ ನೋಡಿದ್ದು ಆಸ್ಟ್ರೇಲಿಯಾದ ಸುತ್ತಿಗೆ ಎಂದರೆ ನಮಗೊಂದಿಷ್ಟು ಹೆಮ್ಮೆಯಾಗಬೇಡವೇ?

ಗ್ಲಸ್ಟರನ್ನು ಕರ್ನಲಿನ ಒಳಗೆ ಬರೆಯದೆ, 2005ರಲ್ಲಿ ಲಿನಕ್ಸಿಗೆ ಸೇರಿದ 'ಫ್ಯೂಸ್' ಎಂಬ ಸೌಕರ್ಯ ಬಳಸಿ ಹೊರಗೇ ನಿಲ್ಲಿಸಿದ್ದರು. ವೇಗ ಸ್ವಲ್ಪ ತಗ್ಗಿತು. ಆದರೆ ತಪ್ಪಿ ಬಿದ್ದರೆ ಇಡೀ ಯಂತ್ರ ಮಲಗುತ್ತಿರಲಿಲ್ಲ. 'ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್' ಎಂಬ ಒಂದು ಸಾಲು ಬರುತ್ತಿತ್ತು, ಅಷ್ಟೆ. ಆ ಕಾಲದಲ್ಲಿ ಇದನ್ನು ಬಳಸಿದವರಿಗೆ ಈ ಸಾಲು ಸುಪ್ರಭಾತದಷ್ಟೇ ಪರಿಚಿತ. ಬಿದ್ದರೂ ಬೇಗ ಎದ್ದು ನಿಲ್ಲಬಹುದಾದ್ದರಿಂದಲೇ ದೂರದ ಊರಿನವರು ಧೈರ್ಯದಿಂದ ಹಾಕಿ ನೋಡಿದರು, ತಪ್ಪು ಬರೆದು ಕಳಿಸಿದರು.

ಗಾಯ ಮಾಯಿಸುವ ಕೆಲಸವೂ ಮೊದಲಿಗೆ ವಿಚಿತ್ರವಾಗಿತ್ತು. ಕೆಟ್ಟ ಯಂತ್ರ ಮರಳಿ ಬಂದಾಗ ಅದರ ಹಳೆಯ ಪ್ರತಿ ತಾನಾಗಿ ಸರಿಹೋಗುತ್ತಿರಲಿಲ್ಲ. ಯಾರಾದರೂ ಆ ಕಡತವನ್ನು ಕೇಳಿದಾಗ ಮಾತ್ರ ಸರಿಹೋಗುತ್ತಿತ್ತು. ಹೀಗಾಗಿ ಇಡೀ ಉಗ್ರಾಣದ ಪ್ರತಿಯೊಂದು ಕಡತವನ್ನೂ ಒಮ್ಮೆ ಹೆಸರು ಹಿಡಿದು ಕರೆಯಬೇಕಿತ್ತು. ತಾನಾಗಿ ಹುಡುಕಿ ಮಾಯಿಸುವ ಏರ್ಪಾಡು ಬಂದದ್ದು 2012ರ 3.3 ಆವೃತ್ತಿಯಲ್ಲಿ.

ಎಲ್ಲಕ್ಕಿಂತ ಕಠಿಣವಾದದ್ದು ಸ್ಪ್ಲಿಟ್ ಬ್ರೈನ್, ಅಂದರೆ ಒಡೆದ ಬುದ್ಧಿ. ಎರಡು ಯಂತ್ರಗಳ ನಡುವೆ ಮಾತು ಕಡಿದುಹೋಗಿ, ಎರಡರಲ್ಲೂ ಬೇರೆ ಬೇರೆ ಬರಹ ನಡೆದು, ಮತ್ತೆ ಕೂಡಿದಾಗ 'ನನ್ನದೇ ಸರಿ, ನಿನ್ನದೇ ತಪ್ಪು' ಎಂದು ಎರಡೂ ಹಟ ಹಿಡಿಯುತ್ತವೆ. ಯಂತ್ರ ತೀರ್ಪು ಕೊಡಲಾರದು. ಮನುಷ್ಯನೇ ನೋಡಿ ಒಂದನ್ನು ಆರಿಸಬೇಕು. ಕಡತದ ಸುದ್ದಿಯನ್ನಷ್ಟೇ ಬಲ್ಲ ಮೂರನೆಯ ಸಾಕ್ಷಿಯನ್ನು ಕೂರಿಸುವ ಪಂಚಾಯಿತಿ 2015ರ 3.7 ಆವೃತ್ತಿಯಲ್ಲಿ ಬಂತು. ಊರು ಬಿಟ್ಟು ಬಂದ ನಮಗೆ ಈ ಕಾಯಿಲೆ ಹೊಸದಲ್ಲ. ಇಲ್ಲಿಯ ಯುಗಾದಿಯೂ ಅಲ್ಲಿಯ ಯುಗಾದಿಯೂ ಒಂದೇ ಮೂಲದ ಎರಡು ಪ್ರತಿಗಳು. ನಡುವೆ ಮಾತು ನಿಂತರೆ ಎರಡೂ ಬೇರೆಯಾಗುತ್ತವೆ.

2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಗ್ಲಸ್ಟರನ್ನು ಸುಮಾರು 13 ಕೋಟಿ 60 ಲಕ್ಷ ಡಾಲರಿಗೆ ಕೊಂಡಿತು. ಅಷ್ಟಾದರೂ ಪರೀಕ್ಷೆ ಮುಗಿಯಲಿಲ್ಲ. 2012ರಲ್ಲಿ ಲಿನಕ್ಸಿನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಆದ ಒಂದು ಬದಲಾವಣೆಯಿಂದ ಗ್ಲಸ್ಟರಿನಲ್ಲಿ ಪಟ್ಟಿ ಕೇಳಿದರೆ ಪಟ್ಟಿಗೆ ಕೊನೆಯೇ ಇಲ್ಲದಂತಾಯಿತು! ಖಾಲಿ ಎಂದು ನಂಬಿ ಗ್ಲಸ್ಟರ್ ಬಳಸುತ್ತಿದ್ದ ಸಂಖ್ಯೆಯ ಭಾಗವನ್ನು ಎಕ್ಸ್‌ಟಿ4 ತಾನೇ ಬಳಸತೊಡಗಿತ್ತು. ನೆರೆಯ ಖಾಲಿ ಸೈಟಿನಲ್ಲಿ ಕಾರು ನಿಲ್ಲಿಸುತ್ತಿದ್ದವರಿಗೆ ಒಂದು ದಿನ ಅಲ್ಲಿ ಮನೆ ಎದ್ದಂತೆ. ತಂಡದ ಆನಂದ್ ಅವಟಿ ಮುಂತಾದವರು ಅದಕ್ಕೂ ದಾರಿ ಹುಡುಕಿದರು.

ಮುಂದೆ 2014ರಲ್ಲಿ ರೆಡ್ ಹ್ಯಾಟ್ ಸೆಫ್ ಎಂಬ ಮತ್ತೊಂದು ಸಂಗ್ರಹ ವ್ಯವಸ್ಥೆಯ ಸಂಸ್ಥೆಯನ್ನೂ ಕೊಂಡಿತು. ತನ್ನ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಡಿಸೆಂಬರ್ 31ಕ್ಕೆ ಮುಗಿಸಿತು. ಆದರೆ ಮೂಲ ಬರಹ ಮುಕ್ತವಾದ್ದರಿಂದ ಅದಕ್ಕೆ ಬೀಗ ಬೀಳಲಿಲ್ಲ. ಗ್ಲಸ್ಟರಿನ ಹಳಬರು ಅದರ ಮೇಲೆಯೇ ಕಟ್ಟಿದ ಒಂದು ಯೋಜನೆಗೆ ಅಚ್ಚಗನ್ನಡದ ಹೆಸರಿಟ್ಟಿದ್ದಾರೆ: 'ಕಡಲು'.

ಈ ಕಥೆಯಿಂದ ನಾವು ಕಲಿತದ್ದು ಇಷ್ಟೇ. ಪ್ರತಿ ಎರಡಿದ್ದರೆ ಸಾಲದು. ಒಂದನ್ನು ಕಿತ್ತು ಇನ್ನೊಂದು ನಿಲ್ಲುವುದೇ ಎಂದು ಆಗಾಗ ನೋಡಬೇಕು. ನಮ್ಮ ಡಿಸ್ಕನ್ನು ನಾವು ಒಮ್ಮೆಯೂ ಹಾಗೆ ನೋಡಿರಲಿಲ್ಲ. ಆದ್ದರಿಂದ ಒಂದು ಬಿನ್ನಹ: ನಿಮ್ಮ ಕಪಾಟಿನಲ್ಲಿ, ಗರಾಜಿನಲ್ಲಿ ಬಳಗದ ಹಳೆಯ ಸಂಚಿಕೆ, ಫೋಟೋ ಏನಿದ್ದರೂ ಮುಂದಿನ ಕೂಟಕ್ಕೆ ತನ್ನಿ. ಮೂರು ಪ್ರತಿ ಮಾಡಿ ಮೂರು ಮನೆಗಳಲ್ಲಿ ಇಡೋಣ. ಪ್ರತಿ ಯುಗಾದಿಗೆ ತೆರೆದು ತಾಳೆ ನೋಡೋಣ. ಈ ಸಂಚಿಕೆಯ ಜೆರಾಕ್ಸನ್ನೂ ದಯವಿಟ್ಟು ಎಸೆಯಬೇಡಿ.